ಸಾವಿರ ಚೀಟಿಯಲ್ಲಿ ಒಬ್ಬ ದ್ರಾವಿಡ್

ಕೊನೆಯ ಬೆಂಚಿನ ಹುಡುಗರಿಗೆ ಬುಕ್ ಕ್ರಿಕೆಟ್ ಯಾರೂ ಹೇಳಿಕೊಡಬೇಕಾಗಿಲ್ಲ. ಪುಸ್ತಕವನ್ನು ಕಣ್ಣುಮುಚ್ಚಿ ತೆರೆದರಾಯಿತು. ಎಡಪುಟದ ಸಂಖ್ಯೆಯ ಕೊನೆಯ ಅಂಕೆಯೇ ರನ್, ಸೊನ್ನೆ ಬಂದರೆ ಔಟ್. ಎಡಪುಟ ಸಮಸಂಖ್ಯೆಯದ್ದಾದ್ದರಿಂದ ಬರುವುದು 0, 2, 4, 6, 8 ಮಾತ್ರ. ಐದು ಸಲ ತೆರೆದರೆ ಸರಾಸರಿ ಒಮ್ಮೆ ಔಟ್. ಅಷ್ಟರಲ್ಲಿ ಉಳಿದ ನಾಲ್ಕು ಅಂಕೆಗಳು ಸರಾಸರಿ ಒಂದೊಂದು ಸಲ ಬಂದಿರುತ್ತವೆ. ಕೂಡಿಸಿದರೆ 20. (ಎಂಟಕ್ಕೆ ಒಂದೇ ರನ್ ಎಂದು ಆಡುವವರಿಗೆ 13.) ಆರಂಭಿಕ ದಾಂಡಿಗನಿಗೂ ಹನ್ನೊಂದನೆಯವನಿಗೂ ಇಲ್ಲಿ ಇದೇ ಸರಾಸರಿ!

ಈ ಆಟವನ್ನು ಕಂಪ್ಯೂಟರಿನಲ್ಲಿ ಬರೆಯಹೊರಟ ವಿದ್ಯಾರ್ಥಿಯನ್ನು ಮೊದಲು ಕಾಡುವುದು ಇದೇ ಕೊರತೆ. ಚಿತ್ರಗಳ ಗೊಡವೆಯಿಲ್ಲ, ಪ್ರತಿ ಚೆಂಡಿಗೂ ಪರದೆಯ ಮೇಲೆ ಒಂದು ಸಾಲು ಮೂಡಿದರೆ ಸಾಕು. ಆದರೆ ಆ ಸಾಲು ಏನು ಹೇಳಬೇಕು? ಹೊಸಬರು ಇಲ್ಲಿ ಲೆಕ್ಕವನ್ನು ಗೋಜಲು ಮಾಡಿಕೊಳ್ಳುತ್ತಾರೆ. ಚೆಂಡು ಬ್ಯಾಟಿಗೆ ತಗುಲಿತೇ ಎನ್ನಲು ಒಂದು ಯಾದೃಚ್ಛಿಕ ಸಂಖ್ಯೆ, ಕ್ಯಾಚ್ ಆಯಿತೇ ಎನ್ನಲು ಇನ್ನೊಂದು, ಎಷ್ಟು ರನ್ ಎನ್ನಲು ಮತ್ತೊಂದು. ಇವೆಲ್ಲ ಗುಣಿಸಿ ಔಟಾಗುವ ಸಂಭವ ಎಷ್ಟಾಯಿತೆಂಬುದು ಬರೆದವನಿಗೇ ತಿಳಿಯದು. ತಂಡ 40ಕ್ಕೆ ಆಲೌಟಾದರೆ ತಪ್ಪನ್ನು ಎಲ್ಲಿ ಹುಡುಕುವುದು?

ನಿಜಕ್ಕೂ ಒಂದೇ ಸಂಖ್ಯೆ ಸಾಕು. ರಾಹುಲ್ ದ್ರಾವಿಡ್ ಅವರನ್ನೇ ತೆಗೆದುಕೊಳ್ಳೋಣ. ಟೆಸ್ಟ್‌ಗಳಲ್ಲಿ ಅವರು 31,258 ಚೆಂಡು ಎದುರಿಸಿ 13,288 ರನ್ ಗಳಿಸಿದರು. ಔಟಾದದ್ದು 254 ಸಲ. ಅಂದರೆ 123 ಚೆಂಡಿಗೊಮ್ಮೆ. ನೂರು ಚೀಟಿಗಳಲ್ಲಿ ಇದು ಹಿಡಿಯದು: ಔಟಿಗೆ ಒಂದು ಚೀಟಿ ಕೊಟ್ಟರೆ ಅವರು 100 ಚೆಂಡಿಗೊಮ್ಮೆ ಔಟಾಗುತ್ತಾರೆ. ಆದ್ದರಿಂದ ಸಾವಿರ ಚೀಟಿ ಬೇಕು. 1ರಿಂದ 8 ಬಂದರೆ ಔಟ್. ಬೌಂಡರಿಗಳು 1,654, ಹಾಗಾಗಿ ಮುಂದಿನ 53 ಸಂಖ್ಯೆಗಳು, 61ರವರೆಗೆ, ಅವಕ್ಕೆ. ಸಿಕ್ಸರ್ ಬರೀ 21. ಸಾವಿರದಲ್ಲಿ ಪೂರ್ತಿ ಒಂದು ಚೀಟಿಯೂ ದಕ್ಕುವುದಿಲ್ಲ, ಉದಾರವಾಗಿ 62ನ್ನು ಕೊಡೋಣ. ಉಳಿದ ರನ್‌ಗಳನ್ನು ಅಂದಾಜಿನಿಂದ ಹಂಚಿದರೆ ಒಂಟಿ ರನ್ನಿಗೆ 140, ಎರಡಕ್ಕೆ 30, ಮೂರಕ್ಕೆ 3 ಚೀಟಿ. 236ರಿಂದ ಆಚೆ ರನ್ನಿಲ್ಲ.

ಈ ಪಟ್ಟಿಯ ಸರಾಸರಿ ಸುಮಾರು 53. ದ್ರಾವಿಡ್ ಅವರದು 52.31. ಹತ್ತನೆಯ ತರಗತಿಯ ಸಂಭವನೀಯತೆಯ ಪಾಠದಾಚೆಗೆ ಇಲ್ಲಿ ಏನೂ ಬೇಕಾಗಲಿಲ್ಲ. ಪಾಠ ಬಿಟ್ಟು ಆಟ ಬರೆಯುತ್ತಿದ್ದಾನೆಂದು ಗದರುವ ತಂದೆತಾಯಿ ಒಮ್ಮೆ ಮಗನ ರಫ್ ನೋಟ್‌ಬುಕ್ಕನ್ನೂ ನೋಡುವುದು ಒಳ್ಳೆಯದು.

ಪಟ್ಟಿಯನ್ನು ಪರೀಕ್ಷೆಗೂ ಒಡ್ಡಬಹುದು. 2001ರಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ, ಫಾಲೋ ಆನ್ ಆದ ಮೇಲೆ, ಲಕ್ಷ್ಮಣ್ ಜೊತೆ ನಿಂತ ದ್ರಾವಿಡ್ 353 ಚೆಂಡು ಆಡಿ 180 ಹೊಡೆದರು. ಅಷ್ಟು ಚೆಂಡು ಔಟಾಗದೆ ಉಳಿಯುವ ಸಂಭವ ನಮ್ಮ ಪಟ್ಟಿಯಲ್ಲಿ ನೂರಕ್ಕೆ ಸುಮಾರು ಆರು. ಅಪರೂಪ, ಆದರೆ ಅಸಾಧ್ಯವಲ್ಲ. ಆದರೆ ಎದುರಿಗೆ ಚೆಂಡು ಹಿಡಿದು ನಿಂತಿದ್ದವರು ಮೆಗ್ರಾತ್ ಮತ್ತು ವಾರ್ನ್ ಎಂಬುದು ಈ ಪಟ್ಟಿಗೆ ಗೊತ್ತಿಲ್ಲ. ಅದನ್ನು ತಿಳಿಸಬೇಕಾದರೆ ಔಟಿನ ಎಂಟು ಚೀಟಿಗಳನ್ನು ಬೌಲರಿಗೆ ತಕ್ಕಂತೆ ಹತ್ತೋ ಹನ್ನೆರಡೋ ಮಾಡಿದರಾಯಿತು, ಅಷ್ಟನ್ನು ರನ್ನಿಲ್ಲದ ಚೀಟಿಗಳಿಂದ ಕಳೆದು.