ಕೌದಿಯ ಪದರದಲ್ಲಿ ಧೂಳುನುಸಿ

ಮಹಾನವಮಿ ಹತ್ತಿರವಾದಂತೆ ಉತ್ತರ ಕರ್ನಾಟಕದ ಊರುಗಳಲ್ಲಿ ಮನೆಯ ಹಾಸಿಗೆ-ಹೊದಿಕೆಯೆಲ್ಲ ಹೊಳೆಗೋ ಕಾಲುವೆಗೋ ಇಳಿಯುತ್ತದೆ. ಅದರಲ್ಲಿ ಎಲ್ಲಕ್ಕಿಂತ ಭಾರದ್ದು ಕೌದಿ. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹಾಸಿ, ಸಾಲು ಸಾಲಾಗಿ ಕೈಹೊಲಿಗೆ ಹಾಕಿದ ಈ ಹೊದಿಕೆ ನೆನೆದರೆ ಇಬ್ಬರು ಹಿಡಿದೆತ್ತಬೇಕು. ಒಗೆಯಲು ಹಿರಿಯರು ಆರಿಸಿಕೊಂಡ ಈ ಹೊತ್ತು ಜೀವವಿಜ್ಞಾನದ ಲೆಕ್ಕಕ್ಕೂ ಸರಿಹೊಂದುತ್ತದೆ. ಮಳೆಗಾಲದ ತೇವದಲ್ಲಿ ಕೌದಿಯೊಳಗೆ ಸೊಂಪಾಗಿ ಬೆಳೆಯುವ ಜೀವಿಯೊಂದಿದೆ.

ಅದು ಧೂಳುನುಸಿ. ತೆಂಗಿನಕಾಯಿಯ ಮೇಲೆ ಕಂದು ಕಲೆ ಮೂಡಿಸುವ ನುಸಿಯ ದೂರದ ಬಂಧು. ಜೇಡ, ಉಣ್ಣಿಗಳ ಕುಲಕ್ಕೆ ಸೇರಿದ್ದು, ಬೆಳೆದದ್ದಕ್ಕೆ ಎಂಟು ಕಾಲು. ಉದ್ದ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು, ಮೈ ಅರೆಪಾರದರ್ಶಕ. ತಿಗಣೆಯಂತೆ ಇದು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ನಮ್ಮ ಮೈಯಿಂದ ದಿನವೂ ಉದುರುವ ಚರ್ಮದ ಹೊಟ್ಟೇ ಅದರ ಊಟ.

ಊಟಕ್ಕೆ ಕೊರತೆಯಿಲ್ಲ, ಕಷ್ಟವೆಲ್ಲ ನೀರಿನದು. ಹನಿ ನೀರೂ ಸಿಗದ ಬಟ್ಟೆಯೊಳಗೆ ಈ ಜೀವಿ ಗಾಳಿಯಿಂದಲೇ ನೀರು ಹಿಡಿಯುತ್ತದೆ. ಅದರ ಮುಂಗಾಲುಗಳ ಬುಡದಲ್ಲಿರುವ ಗ್ರಂಥಿಗಳು ಗಟ್ಟಿಯಾದ ಉಪ್ಪಿನ ದ್ರಾವಣವನ್ನು ಒಸರಿಸುತ್ತವೆ. ಮಳೆಗಾಲದಲ್ಲಿ ಭರಣಿಯ ಕಲ್ಲುಪ್ಪು ನೀರೊಡೆಯುವ ಹಾಗೆ, ಆ ದ್ರಾವಣ ಗಾಳಿಯ ತೇವವನ್ನು ಎಳೆದುಕೊಂಡು ಪುಟ್ಟ ಕಾಲುವೆಯಲ್ಲಿ ಬಾಯಿಗೆ ಹರಿಯುತ್ತದೆ. ಗಾಳಿ ಒಣಗಿದರೆ ಉಪ್ಪು ಹರಳುಗಟ್ಟಿ ಗ್ರಂಥಿಯ ಬಾಯಿ ಮುಚ್ಚುತ್ತದೆ, ಮೈಯ ನೀರು ಸೋರುವುದು ತಗ್ಗುತ್ತದೆ. ಎಂಥ ಅಚ್ಚುಕಟ್ಟಾದ ಏರ್ಪಾಡು! ಆದರೆ ಅದಕ್ಕೂ ಮಿತಿಯಿದೆ. 25 ಡಿಗ್ರಿ ಉಷ್ಣಾಂಶದಲ್ಲಿ ತೇವಾಂಶ ಸುಮಾರು ಶೇ 70ರ ಮೇಲಿದ್ದರೆ ಮಾತ್ರ ಆದಾಯ ಖರ್ಚಿಗೆ ಸಾಲುತ್ತದೆ. ಶೇ 50ಕ್ಕಿಂತ ಕೆಳಗಿಳಿದು ಹಾಗೇ ದಿನಗಟ್ಟಲೆ ನಿಂತರೆ ಬೆಳೆದ ನುಸಿ ಒಣಗಿ ಸಾಯುತ್ತದೆ.

ಉಬ್ಬಸ, ಸೀನು ತರುವುದು ಮುಖ್ಯವಾಗಿ ಅದರ ಹಿಕ್ಕೆ. ಪ್ರೋಟೀನನ್ನು ಒಡೆಯುವ ಜೀರ್ಣಕಿಣ್ವ ಅದರಲ್ಲಿ ಉಳಿದಿರುತ್ತದೆ. ಕೌದಿ ಕೊಡವಿದಾಗ ಒಳಗೆಳೆದ ಉಸಿರಿನೊಂದಿಗೆ ಹೋಗಿ, ಶ್ವಾಸನಾಳದ ಒಳಪದರದ ಕೋಶಗಳ ನಡುವಿನ ಬೆಸುಗೆಯನ್ನೇ ಸಡಿಲಿಸುತ್ತದೆ. ಮನೆಯ ಧೂಳಿನ ಅಲರ್ಜಿಗೆ ಈ ನುಸಿಯೇ ಮೂಲವೆಂದು 1960ರ ದಶಕದಲ್ಲಿ ತೋರಿಸಿಕೊಟ್ಟವರು ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿದ್ದ ವೂರ್‌ಹೋರ್ಸ್ಟ್, ಸ್ಪೀಕ್ಸ್‌ಮಾ ಮತ್ತು ಅವರ ಸಂಗಡಿಗರು.

ಆ ಕಿಣ್ವ ನೀರಿನಲ್ಲಿ ಕರಗುತ್ತದೆ ಎಂಬುದು ನಮ್ಮ ಪುಣ್ಯ. ತಣ್ಣೀರಿನಲ್ಲಿ ಒಗೆದರೂ ಅದರ ಹೆಚ್ಚಿನಂಶ ಹೋಗುತ್ತದೆ. ಜೀವಂತ ನುಸಿ ಮಾತ್ರ ಎಳೆಗಳನ್ನು ಕಚ್ಚಿ ಹಿಡಿದು ಉಳಿಯುತ್ತದೆ. ಅದು ಸಾಯಲು ನೀರು 55 ಡಿಗ್ರಿಯಾದರೂ ಬಿಸಿ ಇರಬೇಕು. ಹಾಗೆಂದು ಕೌದಿಯನ್ನು ಕುದಿನೀರಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಒಂದೇ ಕೌದಿಯಲ್ಲಿ ಹತ್ತು ಬಗೆಯ ಬಟ್ಟೆಗಳಿರುತ್ತವೆ; ಒಂದೊಂದು ಒಂದೊಂದು ಅಳತೆಗೆ ಕುಗ್ಗಿ ಹೊಲಿಗೆ ಸುಕ್ಕಾಗುತ್ತದೆ, ಹೊಸ ತುಂಡಿನ ಕೆಂಪು ಪಕ್ಕದ ಬಿಳಿಗೆ ಹತ್ತುತ್ತದೆ. ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಪ್ರತಿ ಬಣ್ಣವನ್ನೂ ಒತ್ತಿ ನೋಡಿ. ಬಣ್ಣ ಬಿಡದಿದ್ದರೆ ತಣ್ಣೀರಿನಲ್ಲಿ ನೆನೆಹಾಕಿ, ಸೌಮ್ಯ ಸೋಪಿನಲ್ಲಿ ತುಳಿದು, ನೀರು ತಿಳಿಯಾಗುವ ತನಕ ಬದಲಿಸಿ. ಹತ್ತಿ ಎಳೆ ಒದ್ದೆಯಾದಾಗ ಇನ್ನಷ್ಟು ಗಟ್ಟಿ, ತುಳಿತಕ್ಕೆ ಹೆದರಬೇಕಿಲ್ಲ. ಆದರೆ ಹಳೆಯ ಸೀರೆ ಸವೆದಿರುತ್ತದೆ, ರೇಷ್ಮೆಯ ತುಂಡು ನೆನೆದಾಗ ಬಲಗುಂದುತ್ತದೆ. ಒಂದು ಮೂಲೆ ಹಿಡಿದೆತ್ತಿದರೆ ನೀರಿನ ಭಾರವೆಲ್ಲ ಕೆಲವೇ ಹೊಲಿಗೆಗಳ ಮೇಲೆ ಬಿದ್ದು ದಾರ ಹರಿಯುತ್ತದೆ. ಹಿಂಡುವುದೂ ಬೇಡ, ಕಲ್ಲಿಗೆ ಬಡಿಯುವುದೂ ಬೇಡ. ಮನೆಯ ವಾಷಿಂಗ್ ಮಷಿನ್ನಿನಲ್ಲಿ ತುರುಕಿದ ಕೌದಿಯ ಒಳಪದರಗಳಿಗೆ ನೀರು ಸರಿಯಾಗಿ ಆಡುವುದಿಲ್ಲ.

ಕೊಲ್ಲುವ ಕೆಲಸವನ್ನು ಬಿಸಿಲಿಗೆ ಬಿಡಿ. ಸಿಡ್ನಿಯಲ್ಲಿ ನೆಲಹಾಸುಗಳನ್ನು ನೇರ ಬಿಸಿಲಿಗೆ ಹಾಸಿ ನೋಡಿದ ಪ್ರಯೋಗದಲ್ಲಿ ಅವುಗಳೊಳಗಿನ ನುಸಿಗಳೆಲ್ಲ ಸತ್ತವು. ಬಿಸಿ ಮತ್ತು ಒಣಗಾಳಿ ಒಟ್ಟಾಗಿ ಮಾಡಿದ ಕೆಲಸ ಅದು. ಹಗ್ಗಕ್ಕೆ ನೇತುಹಾಕುವುದಕ್ಕಿಂತ ಕಾದ ಮಾಳಿಗೆಯ ಮೇಲೆ ಹಾಸುವುದು ಮೇಲು: ಹೊಲಿಗೆಗೆ ಭಾರ ಬೀಳದು, ಕೆಳಗಿನಿಂದಲೂ ಕಾವು ಸಿಗುತ್ತದೆ. ನುಸಿ ಬೆಳಕಿನಿಂದ ದೂರ ಒಳಪದರಕ್ಕೆ ಸರಿಯುವುದರಿಂದ ಎರಡೂ ಮಗ್ಗುಲು ತಿರುವಬೇಕು. ಅತಿನೇರಳೆ ಕಿರಣಕ್ಕೆ ಬಣ್ಣ ಮಾಸುತ್ತದೆ, ಆದ್ದರಿಂದ ಅಂದದ ಮಗ್ಗುಲಿಗೆ ಕಡಿಮೆ ಹೊತ್ತು ಸಾಕು. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳಲ್ಲಿ ಮೂಲೆಗೆ ಮಡಚಿ ಹಚ್ಚಿದ ತ್ರಿಕೋನದ ಫುಲಾ ಇರುತ್ತದೆ. ಅಲ್ಲಿ ಬಟ್ಟೆ ದಪ್ಪ, ಒಣಗುವುದೂ ಕೊನೆಗೆ. ಮುಟ್ಟಿ ನೋಡಿಯೇ ಮಡಚಿ. ಒಣಗಿದ ಮೇಲೆ ಕೊಡವುವ ಕೆಲಸವನ್ನು ಉಬ್ಬಸವಿರುವವರಿಗೆ ಕೊಡಬೇಡಿ.

ಎತ್ತಿಡುವಾಗ ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಉಳಿದ ಪಸೆಗೆ ಬೂಷ್ಟು ಹಿಡಿಯುತ್ತದೆ. ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಪ್ರತಿ ಸಲ ಮಡಿಕೆಯ ಗೆರೆ ಬದಲಿಸಿ, ಇಲ್ಲವಾದರೆ ಅದೇ ಗೆರೆಯಲ್ಲಿ ಎಳೆ ಸೀಳುತ್ತದೆ. ಧೂಳುನುಸಿಯ ಒಂದು ಪ್ರಭೇದದ ಮರಿಗಳು ಒಣಹವೆಯಲ್ಲಿ ಅಲುಗದೆ ತಿಂಗಳುಗಟ್ಟಲೆ ಕಾದು, ತೇವ ಮರಳಿದಾಗ ಮತ್ತೆ ಬೆಳೆಯಬಲ್ಲವು. ಹಾಗಾಗಿ ಹಬ್ಬಕ್ಕೆ ಒಗೆದ ಕೌದಿಯನ್ನು ಬೇಸಿಗೆಯಲ್ಲೂ ಆಗಾಗ ಬಿಸಿಲಿಗೆ ಹಾಕಿ. ಮಳೆಗಾಲದ ನಡುವೆ ಒಳ್ಳೆಯ ಬಿಸಿಲು ಬಿದ್ದ ದಿನ ತಪ್ಪಿಸಬೇಡಿ.