ದೊಡ್ಡ ನಿವೇಶನದ ಚಿಕ್ಕ ಮನೆ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಮೊದಲಾದ ಹಳೆಯ ಬಡಾವಣೆಗಳಲ್ಲಿ ಸಂಚರಿಸುವವರ ಕಣ್ಣಿಗೆ ಅಲ್ಲೊಂದು ಇಲ್ಲೊಂದು ಹಳೆಯ ಮನೆ ಈಗಲೂ ಬೀಳುವುದುಂಟು. ಎರಡು ಪಕ್ಕಗಳಲ್ಲಿಯೂ ನಾಲ್ಕಾರು ಅಂತಸ್ತಿನ ಕಟ್ಟಡಗಳು. ನಡುವೆ ಹೆಂಚಿನ ಮಾಡಿನ ತಗ್ಗು ಮನೆ. ಮುಂದೆ ತುಳಸಿಯ ಕಟ್ಟೆ. ಹಿಂದೆ ತೆಂಗು, ಮಾವು, ಒಂದು ಬಾವಿ. ೧೮೯೮ರಲ್ಲಿ ಪ್ಲೇಗು ಮಾರಿ ಪೇಟೆಯ ಇಕ್ಕಟ್ಟಾದ ಬೀದಿಗಳನ್ನು ಹೊಕ್ಕ ಮೇಲೆ, ಜನರು ಗಾಳಿ ಬೆಳಕುಗಳಲ್ಲಿ ಬಾಳಲೆಂದು ಬೆಳೆಸಿದ ಬಡಾವಣೆಗಳಿವು. ಮನೆಯ ಸುತ್ತ ಬಯಲು ಬಿಟ್ಟದ್ದು ವೈಭವಕ್ಕಲ್ಲ, ಆರೋಗ್ಯಕ್ಕೆ. ಆ ಕಾಲದಲ್ಲಿ ಆರೋಗ್ಯಕ್ಕೆಂದು ಬಿಟ್ಟ ಬಯಲೇ ಇಂದು ಆ ಮನೆತನದ ಬಹುದೊಡ್ಡ ಐಶ್ವರ್ಯವೂ ಆಗಿದೆ, ಬಹುದೊಡ್ಡ ತೊಡಕೂ ಆಗಿದೆ.

ಇಂತಹ ಮನೆಯನ್ನು ಇಟ್ಟುಕೊಳ್ಳಬೇಕೇ, ಮಾರಬೇಕೇ, ಕೆಡವಿ ಕಟ್ಟಬೇಕೇ ಎಂಬ ಪ್ರಶ್ನೆ ಯಜಮಾನನು ಕಾಲವಾದ ಮೇಲೆ ತಪ್ಪದೆ ಏಳುತ್ತದೆ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಮನೆ ಕೆಡಹುವ ವಿಷಯದಲ್ಲಿ ಏನನ್ನೂ ಹೇಳಿಹೋಗಲಿಲ್ಲ. ಆದಕಾರಣ ಈ ವಿಚಾರವನ್ನು ವಾಚಕರೊಡನೆ ಕುಳಿತು ತೂಗಿ ನೋಡುವುದು ಉಚಿತವೆಂದು ಭಾವಿಸಿದ್ದೇವೆ.

ಮೊದಲು ಬೆಲೆಯ ಮಾತು. ಲೆಕ್ಕದ ಸೌಕರ್ಯಕ್ಕಾಗಿ, ೬೦ ಅಡಿ ಅಗಲ, ೧೦೦ ಅಡಿ ಉದ್ದದ ನಿವೇಶನದಲ್ಲಿ ೧,೩೦೦ ಚದರಡಿಯ ಮನೆಯೊಂದಿದೆ ಎನ್ನೋಣ. ನೆಲಕ್ಕೆ ಚದರಡಿಗೆ ೨೦,೦೦೦ ರೂಪಾಯಿ ಎಂದು ಊಹಿಸಿಕೊಂಡರೆ ನಿವೇಶನದ ಬೆಲೆ ೧೨ ಕೋಟಿ ಆಗುವುದು. ಅದೇ ಮನೆಯನ್ನು ಹೊಸದಾಗಿ ಕಟ್ಟಲು ಚದರಡಿಗೆ ೨,೫೦೦ ರೂಪಾಯಿ ಎಂದಿಟ್ಟುಕೊಂಡು, ಸವಕಳಿಗೆಂದು ಮೂರರಲ್ಲಿ ಎರಡು ಪಾಲು ಕಳೆದರೆ, ಉಳಿಯುವುದು ೧೧ ಲಕ್ಷದೊಳಗೆ. ಎಂದರೆ ಒಟ್ಟು ಬೆಲೆಯಲ್ಲಿ ಮನೆಯ ಪಾಲು ನೂರಕ್ಕೆ ಒಂದೂ ಇಲ್ಲ. ಕೊಳ್ಳುವವನು ಬಾಗಿಲಿನ ಕೆತ್ತನೆಯನ್ನಾಗಲಿ, ನಡುಮನೆಯ ಕೆಂಪು ಗಾರೆಯನ್ನಾಗಲಿ ನೋಡದೆ ನೇರವಾಗಿ ಹಿತ್ತಲಿಗೆ ನಡೆದು ಅಳತೆಯ ಪಟ್ಟಿಯನ್ನು ಬಿಚ್ಚುವುದು ಈ ಕಾರಣದಿಂದಲೇ. ಅವನ ಮೇಲೆ ಮುನಿಯುವುದು ಸಲ್ಲದು. ಅವನು ಕೊಳ್ಳುತ್ತಿರುವುದು ನೆಲವನ್ನು. ಆದರೆ ಮನೆಯವರು ತೂಗಬೇಕಾದ ತಕ್ಕಡಿ ಅವನದಲ್ಲ. ಅವರಿಗೆ ಆ ಮನೆ ಇನ್ನೆಷ್ಟು ವರ್ಷ ಬಾಳುವುದು, ಅದನ್ನು ಬಿಟ್ಟರೆ ಕೈಗೆ ಬರುವುದೇನು, ಕೈಬಿಡುವುದೇನು ಎಂಬುದೇ ಮುಖ್ಯ.

ಮನೆಯ ಆಯುಸ್ಸನ್ನು ಅದರ ವಯಸ್ಸಿನಿಂದ ಅಳೆಯಬಾರದು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ನಾಡಿನ ಮನೆಗಳಿಗೆಲ್ಲ ಹರಡಿದ ಮಂಗಳೂರು ಹೆಂಚು ತಲೆಮಾರುಗಳವರೆಗೆ ತಡೆಯಬಲ್ಲದು. ಕೆಡುವುದು ಅದನ್ನು ಹೊತ್ತ ಮರ. ಮದರಾಸು ತಾರಸಿಯ ಮನೆಗಳಲ್ಲಿಯೂ ಅಷ್ಟೆ: ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಬೆಸೆದ ಆ ಮಾಳಿಗೆಯ ಪ್ರಾಣವಿರುವುದು ತೊಲೆಯ ತುದಿಗಳಲ್ಲಿ. ಗೋಡೆಯೊಳಕ್ಕೆ ಹೊಕ್ಕ ಆ ತುದಿಗಳನ್ನು ಗೆದ್ದಲು ತಿಂದಿದೆಯೇ, ನೀರು ಇಳಿದು ಮೆದುವಾಗಿದೆಯೇ ಎಂಬುದನ್ನು ಉಳಿಯಿಂದ ಚುಚ್ಚಿ ನೋಡಿಸಬೇಕು. ಗೋಡೆಯಲ್ಲಿ ತೇವ ಏರಿದ್ದರೆ ಒಡನೆಯೇ ಸಿಮೆಂಟಿನ ಗಿಲಾವು ಬಳಿಸುವವರು ಅನೇಕರಿದ್ದಾರೆ. ಸುಣ್ಣದ ಗೋಡೆ ಉಸಿರಾಡುವ ಗೋಡೆ. ಹೊರಗೆ ಸಿಮೆಂಟನ್ನು ಹೊದಿಸಿದರೆ ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಇಟ್ಟಿಗೆಯೇ ಪುಡಿಯಾಗತೊಡಗುವುದು. ಸುಣ್ಣಕ್ಕೆ ಸುಣ್ಣವೇ ಮದ್ದು. ಇನ್ನು ಹಳೆಯ ವಿದ್ಯುತ್ ತಂತಿಗಳನ್ನೂ ತುಕ್ಕು ಹಿಡಿದ ಕೊಳವೆಗಳನ್ನೂ ಪೂರ್ತಿಯಾಗಿ ಬದಲಾಯಿಸುವ ವೆಚ್ಚವನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು. ತಳಪಾಯವೂ ಗೋಡೆಗಳೂ ಗಟ್ಟಿಯಾಗಿದ್ದು, ಮಾಡಿನ ಮರವನ್ನೂ ತಂತಿ ಕೊಳವೆಗಳನ್ನೂ ಮಾತ್ರ ಬದಲಾಯಿಸಬೇಕಾದ ಪಕ್ಷದಲ್ಲಿ ಮನೆ ಮುದಿಯಾಗಿಲ್ಲ, ಆರೈಕೆಯಿಲ್ಲದೆ ಸೊರಗಿದೆ ಅಷ್ಟೆ ಎಂದು ತಿಳಿಯಬೇಕು. ಗೋಡೆಯೇ ಸೀಳಿ ವಾಲಿದ್ದರೆ ಅಭಿಮಾನವನ್ನು ಬದಿಗಿಟ್ಟು ಬಲ್ಲ ಇಂಜಿನಿಯರ ಮಾತನ್ನು ಕೇಳುವುದೇ ವಿವೇಕ.

ಬಯಲಿಗೂ ಒಂದು ಲೆಕ್ಕವುಂಟು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು ೯೭ ಸೆಂಟಿಮೀಟರ್ ಮಳೆ ಬೀಳುತ್ತದೆ. ನಾವು ಹೇಳಿದ ೬,೦೦೦ ಚದರಡಿಯ ಮೇಲೆ ಸುರಿಯುವ ನೀರು ವರ್ಷಕ್ಕೆ ಐದು ಲಕ್ಷ ಲೀಟರನ್ನು ಮೀರುವುದು. ಮಾಡಿನ ಮೇಲೆ ಮಾತ್ರವೇ ಒಂದು ಲಕ್ಷ ಲೀಟರಿಗೂ ಹೆಚ್ಚು. ಮಣ್ಣು ಬಿಟ್ಟಿರುವ ಹಿತ್ತಲಿನಲ್ಲಿ ಇದರ ಬಹುಭಾಗ ನೆಲಕ್ಕೆ ಇಂಗಿ ಬಾವಿಯನ್ನು ಸೇರಬಹುದು. ಕಾಂಕ್ರೀಟು ಹಾಸಿದಲ್ಲಿ ಅದು ಬೀದಿಯ ಚರಂಡಿಯ ಪಾಲು. ಬೇಸಗೆಯಲ್ಲಿ ನೀರಿನ ಲಾರಿಗಾಗಿ ಕಾಯುವ ನಗರದಲ್ಲಿ ಇದು ಅಲ್ಪವಾದ ಸಂಪತ್ತಲ್ಲ. ಮರಗಳ ವಿಷಯದಲ್ಲಿಯೂ ಎಚ್ಚರ ಬೇಕು: ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾನೂನಿನಂತೆ, ತೆಂಗು ಮೊದಲಾದ ಕೆಲವನ್ನು ಬಿಟ್ಟರೆ, ಸ್ವಂತ ಹಿತ್ತಲಿನ ಮರವನ್ನು ಕಡಿಯುವುದಕ್ಕೂ ಅಪ್ಪಣೆ ಪಡೆಯಬೇಕಾಗಬಹುದು.

ಇದೆಲ್ಲಕ್ಕಿಂತ ಮೊದಲು ನೆಲ ಯಾರದು ಎಂಬುದು ತೀರ್ಮಾನವಾಗಿರಬೇಕು. ಖಾತೆ ಹೆಸರಿನಲ್ಲಿದ್ದ ಮಾತ್ರಕ್ಕೆ ಒಡೆತನ ಸಿದ್ಧಿಸಲಿಲ್ಲ. ಅದು ತೆರಿಗೆಯ ದಾಖಲೆ. ಕ್ರಯಪತ್ರ, ಹಿಂದಿನ ವಿಭಾಗಪತ್ರ, ಋಣಭಾರ ಪತ್ರ ಇವುಗಳನ್ನು ವಕೀಲರಿಗೆ ತೋರಿಸಬೇಕು. ಮನೆ ತಂದೆಯ ಸ್ವಯಾರ್ಜಿತವಾಗಿದ್ದು, ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೆ, ೧೯೫೬ರ ಹಿಂದೂ ಉತ್ತರಾಧಿಕಾರ ಕಾನೂನಿನಂತೆ ಹೆಂಡತಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ಅವರ ತಾಯಿ ಬದುಕಿದ್ದರೆ ಆಕೆಗೂ ಅಷ್ಟೇ. ಪಿತ್ರಾರ್ಜಿತವಾದ ಪಕ್ಷದಲ್ಲಿ ೨೦೦೫ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕನ್ನು ಕೊಟ್ಟಿದೆ. ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ತೀರ್ಪಿತ್ತಿದೆ. ‘ಅವಳ ಮದುವೆಗೆ ಖರ್ಚು ಮಾಡಿದ್ದಾಗಿದೆ’ ಎಂದು ತಂಗಿಯ ಸಹಿಯನ್ನು ಕೇಳದೆ ಮುಂದುವರಿದ ವ್ಯವಹಾರಗಳು ಕೊನೆಗೆ ನ್ಯಾಯಾಲಯದ ಮೆಟ್ಟಿಲನ್ನು ಹತ್ತುವುದು ಸಹಜವೇ.

ಹೀಗಿರಲು ಮನೆಯವರ ಮುಂದಿರುವ ದಾರಿಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ನೆಲವನ್ನೇ ಹಂಚಿಕೊಳ್ಳುವುದು. ಕಾಗದದ ಮೇಲೆ ಇದು ನ್ಯಾಯವಾಗಿ ಕಾಣುತ್ತದೆ. ಆದರೆ ೬೦ ಅಡಿಯ ಮುಂಭಾಗವನ್ನು ಮೂವರು ಸೀಳಿಕೊಂಡರೆ ಒಬ್ಬೊಬ್ಬರಿಗೆ ೨೦ ಅಡಿ ಅಗಲದ, ೧೦೦ ಅಡಿ ಉದ್ದದ ಪಟ್ಟಿ. ಪಕ್ಕಗಳಲ್ಲಿ ನಿಯಮದಂತೆ ಜಾಗ ಬಿಟ್ಟ ಮೇಲೆ ಉಳಿಯುವುದು ರೈಲು ಡಬ್ಬಿಯಂತಹ ಮನೆ. ಅಡ್ಡಲಾಗಿ ಸೀಳಿದರೆ ಹಿಂದಿನವರಿಗೆ ದಾರಿ ಬಿಡಬೇಕು. ಒಟ್ಟಾಗಿದ್ದಾಗ ಇದ್ದ ಬೆಲೆ ಚೂರಾದಾಗ ಇರುವುದಿಲ್ಲ.

ಎರಡನೆಯದು ಮಾರಿ ಹಣವನ್ನು ಹಂಚಿಕೊಳ್ಳುವುದು. ಇದು ಶುದ್ಧವಾದ ದಾರಿ. ಆದರೆ ತೆರಿಗೆಯನ್ನು ಮರೆಯಬಾರದು. ೨೦೦೧ರ ಏಪ್ರಿಲ್ ೧ಕ್ಕೆ ಮುಂಚೆ ಮನೆತನಕ್ಕೆ ಬಂದ ಆಸ್ತಿಗೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಅಸಲೆಂದು ಹಿಡಿಯಲು ಅವಕಾಶವಿದೆ. ಆದುದರಿಂದ ಆ ದಿನದ ಬೆಲೆಯನ್ನು ಅಧಿಕೃತ ಮೌಲ್ಯಮಾಪಕರಿಂದ ಬರೆಯಿಸಿಡಬೇಕು. ಬಂದ ಲಾಭದಿಂದ ಎರಡು ವರ್ಷದೊಳಗೆ ಬೇರೆ ಮನೆಯನ್ನು ಕೊಂಡರೆ, ಇಲ್ಲವೆ ಮೂರು ವರ್ಷದೊಳಗೆ ಕಟ್ಟಿಸಿದರೆ ವಿನಾಯಿತಿಯುಂಟು; ಅದಕ್ಕೆ ೨೦೨೩ರಲ್ಲಿ ೧೦ ಕೋಟಿಯ ಮಿತಿಯನ್ನು ವಿಧಿಸಿದ್ದಾರೆ.

ಮೂರನೆಯದು ಕಟ್ಟುವವನಿಗೆ ನೆಲ ಕೊಟ್ಟು, ಅವನು ಕಟ್ಟಿದ ಮನೆಗಳಲ್ಲಿ ಪಾಲು ಪಡೆಯುವ ಜಂಟಿ ಒಪ್ಪಂದ. ಕೈಯಿಂದ ಹಣ ಹಾಕದೆ ಮಕ್ಕಳಿಗೆಲ್ಲ ಒಂದೊಂದು ಮನೆಯಾಗುವುದೆಂಬ ಆಕರ್ಷಣೆ ಇದಕ್ಕುಂಟು. ಆದರೆ ಇಲ್ಲಿ ಸಹಿ ಹಾಕುವ ಮುನ್ನ ಕೆಲವು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಬೇಕು. ಪಾಲಿನ ಅಳತೆ ಗೋಡೆಯೊಳಗಿನ ನೆಲದ್ದೋ, ಮೆಟ್ಟಿಲು ಹಜಾರಗಳನ್ನು ಸೇರಿಸಿದ್ದೋ? ಎಷ್ಟು ತಿಂಗಳಲ್ಲಿ ಮುಗಿಸಬೇಕು, ತಪ್ಪಿದರೆ ದಂಡವೇನು? ಅಲ್ಲಿಯವರೆಗೆ ಬಾಡಿಗೆಯನ್ನು ಕೊಡುವವರು ಯಾರು? ವಾಸಯೋಗ್ಯತೆಯ ಪ್ರಮಾಣಪತ್ರವನ್ನು ತರುವ ಹೊಣೆ ಯಾರದು? ಅಧಿಕಾರಪತ್ರದಲ್ಲಿ ಅವನಿಗೆ ಏನೇನು ಬಿಟ್ಟುಕೊಟ್ಟಿದೆ? ಮೇಲಾಗಿ, ಕಟ್ಟಡವೆದ್ದ ಮೇಲೆ ನೆಲದಲ್ಲಿ ಉಳಿಯುವುದು ಅವಿಭಕ್ತವಾದ ಒಂದು ಪಾಲು ಮಾತ್ರ. ಹಿತ್ತಲು ಇನ್ನು ಯಾರೊಬ್ಬರದೂ ಅಲ್ಲವೆಂಬುದನ್ನು ಎಲ್ಲರೂ ತಿಳಿದೇ ಒಪ್ಪಬೇಕು.

ನಾಲ್ಕನೆಯದು ಹಳೆಯ ಮನೆಯನ್ನು ದುರಸ್ತಿ ಮಾಡಿ ಉಳಿಸಿಕೊಂಡು, ಹಿತ್ತಲಿನಲ್ಲಿ ಒಂದು ಚಿಕ್ಕ ಮನೆಯನ್ನು ಬಾಡಿಗೆಗಾಗಿಯೋ ಮಗಳಿಗಾಗಿಯೋ ಕಟ್ಟುವುದು. ಲಾಭದ ಲೆಕ್ಕದಲ್ಲಿ ಇದು ಕೊನೆಗೆ ನಿಲ್ಲುವುದು ನಿಜ. ಆದರೆ ನೆಲ ಕೈತಪ್ಪುವುದಿಲ್ಲ. ಮುಂದೆ ಬೇರೆ ದಾರಿಯನ್ನು ಹಿಡಿಯುವ ಸ್ವಾತಂತ್ರ್ಯವೂ ಉಳಿಯುತ್ತದೆ. ಕೆಡವಿದ ಮನೆಯನ್ನು ಮತ್ತೆ ನಿಲ್ಲಿಸಲಾಗದು. ನಿಂತ ಮನೆಯನ್ನು ಎಂದು ಬೇಕಾದರೂ ಕೆಡವಬಹುದು.

ಈ ಎಲ್ಲ ಲೆಕ್ಕಗಳ ನಡುವೆ ನಾವು ಮರೆಯಬಾರದ ಒಬ್ಬ ವ್ಯಕ್ತಿಯಿದ್ದಾರೆ: ಆ ಮನೆಯಲ್ಲಿ ಈಗ ವಾಸಿಸುತ್ತಿರುವ ವೃದ್ಧ ತಾಯಿ. ಐವತ್ತು ವರ್ಷ ಒಂದೇ ಅಡಿಗೆಮನೆಯಲ್ಲಿ ಓಡಾಡಿದ ಆಕೆಗೆ ಕತ್ತಲಲ್ಲಿಯೂ ಹೊಸ್ತಿಲಿನ ಎತ್ತರ ಗೊತ್ತು. ಬೀದಿಯ ಹೂವಿನವಳೂ ನೆರೆಮನೆಯವರೂ ಗೊತ್ತು. ಎರಡು ಮೂರು ವರ್ಷ ಬಾಡಿಗೆಯ ಮನೆಯಲ್ಲಿದ್ದು, ಆಮೇಲೆ ನಾಲ್ಕನೆಯ ಅಂತಸ್ತಿಗೆ ಮರಳಿರೆಂದು ಎಂಬತ್ತು ದಾಟಿದವರಿಗೆ ಹೇಳುವುದು ಚಿಕ್ಕ ಮಾತಲ್ಲ. ಇನ್ನೊಂದು ಕಡೆ, ಸೋರುವ ಮಾಡಿನ ಕೆಳಗೆ, ಜಾರುವ ಬಚ್ಚಲಿನಲ್ಲಿ ಆಕೆಯನ್ನು ಒಂಟಿಯಾಗಿ ಬಿಟ್ಟು ‘ಅಮ್ಮನಿಗೆ ಈ ಮನೆಯೇ ಇಷ್ಟ’ ಎಂದು ಸಮಾಧಾನ ಹೇಳಿಕೊಳ್ಳುವುದೂ ಪ್ರೀತಿಯಲ್ಲ. ಮನೆ ತಾಯಿಯ ಹೆಸರಿನಲ್ಲಿದ್ದು, ಆಕೆ ಅದನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಡುವ ಪಕ್ಷದಲ್ಲಿ, ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಯಿಸುವುದು ಅವಶ್ಯ. ಹಾಗೆ ಬರೆದಿದ್ದು ಮಕ್ಕಳು ನಡೆದುಕೊಳ್ಳದಿದ್ದರೆ ಪತ್ರವನ್ನು ರದ್ದುಪಡಿಸಲು ೨೦೦೭ರ ಹಿರಿಯ ನಾಗರಿಕರ ಕಾನೂನು ಅವಕಾಶ ಕೊಡುತ್ತದೆ.

ಆದುದರಿಂದ ನಮ್ಮ ಬಿನ್ನಹ ಇಷ್ಟೆ. ಕಟ್ಟುವವನು ಬಾಗಿಲಿಗೆ ಬರುವ ಮುನ್ನವೇ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಒಂದು ದಿನ ಅದೇ ನಡುಮನೆಯಲ್ಲಿ ಸೇರಲಿ. ಮನೆಯ ಸ್ಥಿತಿಯನ್ನು ಕುರಿತು ಇಂಜಿನಿಯರ ವರದಿ, ಪತ್ರಗಳನ್ನು ಕುರಿತು ವಕೀಲರ ಅಭಿಪ್ರಾಯ, ತೆರಿಗೆಯ ಲೆಕ್ಕ ಈ ಮೂರೂ ಎಲ್ಲರ ಮುಂದಿರಲಿ. ಯಾರಿಗೆ ಹಣದ ತುರ್ತಿದೆ, ಯಾರಿಗೆ ಸೂರಿನ ತುರ್ತಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಲಿ. ತಾಯಿಯ ಮಾತನ್ನು ಕೊನೆಗಲ್ಲ, ಮೊದಲು ಕೇಳಲಿ. ಅನಂತರ ಮಾರಿದರೂ ತಪ್ಪಿಲ್ಲ, ಕಟ್ಟಿಸಿದರೂ ತಪ್ಪಿಲ್ಲ, ಉಳಿಸಿಕೊಂಡರೂ ತಪ್ಪಿಲ್ಲ. ನೆಲದ ಬೆಲೆಯನ್ನು ಪೇಟೆ ಹೇಳೀತು. ಅದನ್ನು ಹಂಚಿಕೊಂಡ ಮೇಲೆಯೂ ಹಬ್ಬಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗಿ ಬರುವಂತಿರಬೇಕಾದರೆ ಮನೆಯವರೇ ಎಚ್ಚರ ವಹಿಸಬೇಕು.