ಓಕ್ ಮರದ ನೆರಳಿಗೆ ಯಾವ ಕಾನಿಫರ್?

ವಾಷಿಂಗ್ಟನ್ನಿನ ಯು.ಎಸ್. ನ್ಯಾಷನಲ್ ಆರ್ಬೊರೇಟಮ್. ಎದುರಿಗೆ ಮೊಣಕಾಲೆತ್ತರದ ಸ್ಪ್ರೂಸ್, ಆಚೆಗೆ ನನ್ನ ತಲೆ ಮೀರಿ ನಿಂತ ಹಿನೋಕಿ ಸೈಪ್ರೆಸ್. ಎರಡೂ ಕಾನಿಫರ್ (ಶಂಕುಧಾರಿ) ಮರಗಳ ಗಿಡ್ಡ ತಳಿಗಳೇ! ನ್ಯೂಜೆರ್ಸಿಯ ವಿಲಿಯಂ ಗೊಟೆಲಿ ತಾವು ಕೂಡಿಸಿದ ಸುಮಾರು 1,500 ಗಿಡಗಳನ್ನು 1962ರಲ್ಲಿ ಇಲ್ಲಿಗೆ ದಾನ ಕೊಟ್ಟರು. ಸಂಗ್ರಹಕ್ಕೆ ಅವರದೇ ಹೆಸರು. ಅರವತ್ತು ದಾಟಿದ ಗಿಡಗಳ ನಡುವೆ ಓಡಾಡುವಾಗ ‘ಗಿಡ್ಡ’ ಎಂದರೆ ನಿಧಾನವಾಗಿ ಬೆಳೆಯುವುದು ಎಂದು ಚೆನ್ನಾಗಿ ಅರ್ಥವಾಗುತ್ತದೆ. ಅಮೆರಿಕದ ಕಾನಿಫರ್ ಸಂಘದ ಲೆಕ್ಕದಲ್ಲಿ ವರ್ಷಕ್ಕೆ 1ರಿಂದ 6 ಇಂಚು ಬೆಳೆಯುವುದೇ ಗಿಡ್ಡ ತಳಿ. ಹತ್ತು ವರ್ಷಕ್ಕೆ ಅದು ಐದಡಿಯಾದೀತು, ಆಮೇಲೂ ನಿಲ್ಲದು.

ನಾನು ಬಂದದ್ದು ಮೇರಿಲ್ಯಾಂಡಿನಲ್ಲಿರುವ ಮಗಳ ಹಿತ್ತಿಲಿಗಾಗಿ. ಅಲ್ಲಿ ಓಕ್ ಮರಗಳ ಕೆಳಗೆ ನಡು ಮಧ್ಯಾಹ್ನವೂ ಮಬ್ಬು. ಹೋದ ವರ್ಷ ನೆಟ್ಟ ಜೂನಿಪರ್ ಒಳಗಿನಿಂದ ಕಂದುತ್ತಾ ಬಂದು ಬೋಳಾಯಿತು. ಜೂನಿಪರ್, ಪೈನ್‌ಗಳಿಗೆ ಬಿಸಿಲು ಬೇಕೇ ಬೇಕು. ನಮ್ಮ ದಾಸವಾಳವನ್ನು ಬುಡದವರೆಗೆ ಕತ್ತರಿಸಿದರೂ ಚಿಗುರುತ್ತದೆ. ಆದರೆ ಬೋಳಾದ ಹಳೆಯ ರೆಂಬೆ ಹೆಚ್ಚಿನ ಕಾನಿಫರ್‌ಗಳಲ್ಲಿ ಮತ್ತೆ ಚಿಗುರುವುದಿಲ್ಲ.

ಹೆಮ್‌ಲಾಕ್ ಎಂಬ ಕಾನಿಫರ್‌ನ ಮುಂದೆ ಬಹಳ ಹೊತ್ತು ನಿಂತೆ. ಕಾಡಿನಲ್ಲಿ ಇದರ ಸಸಿ ಹಿರಿಮರಗಳ ನೆರಳಿನಲ್ಲಿ ದಶಕಗಟ್ಟಲೆ ಕಾಯುತ್ತದೆ. ಗಿಡ್ಡ ತಳಿಗಳಿಗೂ ಆ ಗುಣ ಬಂದಿದೆ. ‘ಕೋಲ್ಸ್ ಪ್ರಾಸ್ಟ್ರೇಟ್’ ನೆಲಕ್ಕಂಟಿ ಹರಡುತ್ತದೆ. ‘ಜೆಂಟ್ಷ್ ವೈಟ್’ನ ಬಿಳಿ ಚಿಗುರು ಮಬ್ಬಿನಲ್ಲೂ ಎದ್ದು ಕಾಣುತ್ತದೆ. ಟೊಂಗೆ ಮಗುಚಿದರೆ ಸೂಜಿ ಎಲೆಯಡಿ ಎರಡು ಬಿಳಿ ಗೆರೆ, ಅದು ಸಹಜ. ಎಲೆಯ ಬುಡದಲ್ಲಿ ಹತ್ತಿಯಂಥ ಉಂಡೆ ಕಂಡರೆ ಮಾತ್ರ ಆ ಗಿಡ ಕೊಳ್ಳಬೇಡಿ. ಅದು ವೂಲಿ ಅಡೆಲ್ಜಿಡ್ ಎಂಬ ರಸ ಹೀರುವ ಕೀಟ. ಜಪಾನಿನಿಂದ ಬಂದು 1951ರಲ್ಲಿ ವರ್ಜೀನಿಯಾದ ರಿಚ್ಮಂಡ್ ಬಳಿ ಕಾಣಿಸಿಕೊಂಡ ಇದು ಅಮೆರಿಕದ ಪೂರ್ವದ ಹೆಮ್‌ಲಾಕ್ ಕಾಡುಗಳನ್ನೇ ಒಣಗಿಸಿದೆ. ನೋಡಿದರೆ ಸಂಕಟವಾಗುತ್ತದೆ.

ಹೆಮ್‌ಲಾಕ್‌ಗೆ ತೇವವೂ ಬೇಕು. ಓಕ್‌ನ ಬುಡದಲ್ಲಿ ನೀರನ್ನೆಲ್ಲ ಓಕ್‌ನ ಬೇರೇ ಕುಡಿದುಬಿಡುತ್ತದೆ. ಅಂಥ ಒಣ ನೆರಳಿಗೆ ಯೂ ಎಂಬ ಕಾನಿಫರ್ ಒಗ್ಗುತ್ತದೆ, ಹಳೆಯ ರೆಂಬೆಯಿಂದಲೂ ಚಿಗುರುತ್ತದೆ. ಆದರೆ ಅದರ ಎಲೆ, ಬೀಜ ಎರಡೂ ವಿಷ, ಮಗಳ ಮನೆಯಲ್ಲಿ ಎರಡು ವರ್ಷದ ಮೊಮ್ಮಗ. ಮನುಷ್ಯರಿಗೆ ವಿಷವಾದ ಅದನ್ನು ಜಿಂಕೆಗಳು ಮಾತ್ರ ಬಾಚಿ ತಿನ್ನುತ್ತವೆ! ಹಾಗಾಗಿ ಅದರ ಬದಲು ನನ್ನ ಆಯ್ಕೆ, ಹೆಸರು ಹೋಲುವ ಬೇರೆಯೇ ಗಿಡವಾದ ಜಪಾನ್ ಮೂಲದ ಪ್ಲಮ್ ಯೂ. ‘ಪ್ರಾಸ್ಟ್ರಾಟಾ’ ಎಂಬ ತಳಿ ಎರಡು ಮೂರು ಅಡಿ ಎತ್ತರದಲ್ಲೇ ಹರಡಿಕೊಳ್ಳುತ್ತದೆ. ವಾಷಿಂಗ್ಟನ್ ಬೇಸಿಗೆಯ ಸೆಕೆಯನ್ನೂ ತಾಳುತ್ತದೆ, ಜಿಂಕೆಗೂ ಅಷ್ಟಾಗಿ ರುಚಿಸದು.

ಹೊಂಬಣ್ಣದ ತಳಿಗಳು ಕೈಬೀಸಿ ಕರೆದವು. ದಟ್ಟ ನೆರಳಿನಲ್ಲಿ ಅವು ಹಸಿರಿಗೆ ತಿರುಗುತ್ತವೆ, ಬಿಟ್ಟು ಬಂದೆ. ಓಕ್ ಬುಡಕ್ಕೆ ಪ್ಲಮ್ ಯೂ, ಮಳೆನೀರು ಇಂಗುವ ಮೂಲೆಗೆ ಹೆಮ್‌ಲಾಕ್ ಎಂದು ಮಗಳಿಗೆ ಹೇಳಿದ್ದೇನೆ.

ಆ ಸೀಮೆಯಲ್ಲಿ ಮನೆ ಮಾಡಿರುವ ಕನ್ನಡಿಗರೇ, ನರ್ಸರಿಗೆ ಹೋಗುವ ಮುನ್ನ ಒಮ್ಮೆ ಈ ತೋಟ ಸುತ್ತಿ ಬನ್ನಿ. ಪ್ರವೇಶ ಉಚಿತ.